ಇಪ್ಪತ್ತು ವರ್ಷ ಒಂದೇ ಸರಾಸರಿ: ಲೆಬ್ರಾನ್ ನಿಜವಾಗಿಯೂ ಕುಗ್ಗಲಿಲ್ಲವೇ?

ಗೆರೆಯಾಚೆ:
ನಿನ್ನೆ ರಾತ್ರಿ ಬಾಸ್ಕೆಟ್‌ಬಾಲ್ ಆಟಗಾರ ಲೆಬ್ರಾನ್ ಜೇಮ್ಸ್ ಅವರ ಋತುವಾರು ಅಂಕಪಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತಿದ್ದೆ. 2003-04ರ ಮೊದಲ ಋತುವಿನಲ್ಲಿ ಪಂದ್ಯಕ್ಕೆ 20.9 ಅಂಕ ಇದೆ. ಮರುವರ್ಷದಿಂದ 2023-24ರವರೆಗೆ ಎಣಿಸಿದರೆ ಸತತ 20 ಋತುಗಳಾಗುತ್ತವೆ. ಅವುಗಳಲ್ಲಿ ಒಂದರಲ್ಲೂ ಸರಾಸರಿ 25ಕ್ಕಿಂತ ಕೆಳಗೆ ಇಳಿದಿಲ್ಲ. 21ರ ಹರೆಯದಲ್ಲಿ, ಅಂದರೆ 2005-06ರಲ್ಲಿ, 31.4 ಇದ್ದದ್ದು 37 ತುಂಬಿದ 2021-22ರಲ್ಲಿ 30.3 ಆಗಿದೆ. ಉಳಿದ ದೊಡ್ಡ ಆಟಗಾರರ ಗೆರೆ ಏರುತ್ತದೆ, ಒಂದಷ್ಟು ಕಾಲ ನಿಲ್ಲುತ್ತದೆ, ಆಮೇಲೆ ಇಳಿಯುತ್ತದೆ. ಇವರದು ಮಾತ್ರ ಸ್ಕೇಲ್ ಇಟ್ಟು ಎಳೆದಂತಿದೆ.

ನಾನು ಕೇಳುವುದು ಇಷ್ಟೇ. ಇವರು ನಿಜವಾಗಿಯೂ ಕುಗ್ಗಲಿಲ್ಲವೇ, ಅಥವಾ ಈ ಪಟ್ಟಿ ನಮ್ಮಿಂದ ಏನನ್ನಾದರೂ ಮುಚ್ಚಿಡುತ್ತಿದೆಯೇ? 21ರ ಹುಡುಗನ 31ಕ್ಕೂ 37ರ ಗಂಡಸಿನ 30ಕ್ಕೂ ಒಂದೇ ತೂಕವಿದೆಯೇ?

ನೇರನುಡಿ:
ವಯಸ್ಸಾದ ಮೇಲೆ ಕುಗ್ಗದ ಮನುಷ್ಯನಿಲ್ಲ. ಪಟ್ಟಿಯನ್ನು ಮಡಿಸಿಟ್ಟು ಪಂದ್ಯಗಳನ್ನು ನೋಡಿ.

ಲೆಕ್ಕಿಗ:
ಪಂದ್ಯವನ್ನೂ ನೋಡೋಣ, ಪಟ್ಟಿಯನ್ನೂ ಸರಿಯಾಗಿ ಓದೋಣ. ಗೆರೆಯಾಚೆಯವರು ಹೇಳಿದ ಎರಡು ಋತುಗಳನ್ನೇ ಪಕ್ಕಪಕ್ಕ ಇಡುತ್ತೇನೆ. 2005-06ರಲ್ಲಿ ಲೆಬ್ರಾನ್ ಪಂದ್ಯಕ್ಕೆ 42.5 ನಿಮಿಷ ಆಡಿದ್ದರು. 2021-22ರಲ್ಲಿ ಆಡಿದ್ದು 37.2 ನಿಮಿಷ. ಎರಡನ್ನೂ 36 ನಿಮಿಷದ ಅಳತೆಗೆ ತಂದರೆ ಮೊದಲನೆಯದು 26.6, ಎರಡನೆಯದು 29.3. ಅಂದರೆ ನಿಮಿಷದ ಲೆಕ್ಕದಲ್ಲಿ ಅವರು ಕುಗ್ಗಿಲ್ಲ, ಶೇ 10ರಷ್ಟು ಬೆಳೆದಿದ್ದಾರೆ.

ಆದರೆ ಇಲ್ಲಿಗೇ ನಿಲ್ಲಿಸಿದರೆ ಅರ್ಧ ಲೆಕ್ಕವಾಗುತ್ತದೆ. 2005-06ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯ ಒಂದು ತಂಡ ಪಂದ್ಯಕ್ಕೆ ಸರಾಸರಿ 97.0 ಅಂಕ ಗಳಿಸುತ್ತಿತ್ತು, 2021-22ರ ಹೊತ್ತಿಗೆ ಅದು 110.6 ಆಗಿತ್ತು. ಇಡೀ ಲೀಗ್‌ನ ಅಂಕಗಳೇ ಶೇ 14ರಷ್ಟು ಉಬ್ಬಿರುವಾಗ ಒಬ್ಬನ ಅಂಕ ಶೇ 10ರಷ್ಟು ಏರಿದರೆ, ಬೆಲೆಯೇರಿಕೆಯ ಕಾಲದಲ್ಲಿ ಸಂಬಳ ಏರಿಯೂ ಸಾಲದೆ ಹೋದ ಹಾಗೆ. ಲೀಗ್‌ಗೆ ಹೋಲಿಸಿ ಹೇಳುವುದಾದರೆ 16 ವರ್ಷಗಳಲ್ಲಿ ಅವರು ಕಳೆದುಕೊಂಡದ್ದು ಶೇ 3 ಅಥವಾ 4ರಷ್ಟು. ಇಳಿಕೆ ಇದೆ, ಆದರೆ ಕಣ್ಣಿಗೆ ಕಾಣುವಷ್ಟಿಲ್ಲ.

ಗೆರೆಯಾಚೆ:
ನಿಮಿಷಕ್ಕೆ ಭಾಗಿಸುವುದರಲ್ಲಿ ಒಂದು ಮೋಸವಿಲ್ಲವೇ, ಲೆಕ್ಕಿಗರೇ? 42 ನಿಮಿಷ ಓಡಿ ದಣಿದ ಮೇಲೂ ಅಂಕ ಗಳಿಸಬೇಕಾದವನಿಗೂ, ನಡುನಡುವೆ ಬೆಂಚಿನಲ್ಲಿ ಕುಳಿತು ಉಸಿರು ತಿರುಗಿಸಿಕೊಂಡು ಬರುವವನಿಗೂ ಒಂದೇ ಅಳತೆ ಹೇಗೆ ಸರಿಯಾಗುತ್ತದೆ?

ಲೆಕ್ಕಿಗ:
ಒಪ್ಪುತ್ತೇನೆ. ವಿಶ್ರಾಂತಿಯ ಲಾಭ ಮುದುಕರಿಗೇ ಹೆಚ್ಚು ಸಿಗುತ್ತದೆ, ಆದ್ದರಿಂದ ನನ್ನ ಶೇ 4 ಸ್ವಲ್ಪ ಉದಾರವಾದ ಅಂದಾಜು ಎಂದೇ ಇಟ್ಟುಕೊಳ್ಳಿ.

ಕೋಚಮ್ಮ:
ಎಷ್ಟು ಅಂಕ ಎಂಬ ಪ್ರಶ್ನೆಯಲ್ಲೇ ನೀವಿಬ್ಬರೂ ಸಿಕ್ಕಿಕೊಂಡಿದ್ದೀರಿ. ಹದಿನೈದು ವರ್ಷದಿಂದ ಮಕ್ಕಳಿಗೆ ಈ ಆಟ ಕಲಿಸುತ್ತಿರುವವಳಾಗಿ ನಾನು ಕೇಳುವುದು, ಆ ಅಂಕ ಅಂಗಳದ ಯಾವ ಜಾಗದಿಂದ ಬಂತು ಎಂದು.

2005-06ರ ಲೆಬ್ರಾನ್ ಪಂದ್ಯಕ್ಕೆ 10ಕ್ಕೂ ಹೆಚ್ಚು ಫ್ರೀ ಥ್ರೋಗಳಿಗೆ (ಎದುರಾಳಿಯ ಫೌಲ್‌ಗೆ ಸಿಗುವ ಅಡ್ಡಿಯಿಲ್ಲದ ಎಸೆತಗಳಿಗೆ) ಗೆರೆಯ ಬಳಿ ನಿಲ್ಲುತ್ತಿದ್ದರು. 2023-24ರಲ್ಲಿ ಆ ಸಂಖ್ಯೆ 6ಕ್ಕಿಂತ ಕಡಿಮೆ. ಫ್ರೀ ಥ್ರೋ ಸುಮ್ಮನೆ ಸಿಗುವುದಿಲ್ಲ. ಎದುರಾಳಿಯ ಎದೆಗೆ ಭುಜ ಕೊಟ್ಟು, ಗಾಳಿಯಲ್ಲಿ ಪೆಟ್ಟು ತಿಂದು, ನೆಲಕ್ಕೆ ಬಿದ್ದು ಏಳುವವನಿಗೆ ಮಾತ್ರ ಅದು ಸಿಗುತ್ತದೆ. ಕಾಲಿನ ಶಕ್ತಿ ಕರಗುತ್ತಿದೆಯೇ ಎಂದು ತಿಳಿಯಲು ನಾನು ಮೊದಲು ನೋಡುವ ಅಂಕಣವೇ ಅದು. ಅಲ್ಲಿ ಕಳೆದುಕೊಂಡದ್ದನ್ನು ಅವರು ದೂರದಿಂದ ತುಂಬಿಸಿಕೊಂಡರು. ಮೊದಲ ಋತುವಿನಲ್ಲಿ ಪಂದ್ಯಕ್ಕೆ 3ಕ್ಕೂ ಕಡಿಮೆ ತ್ರೀ ಪಾಯಿಂಟರ್ (ದೂರದ ಗೆರೆಯಾಚೆಯಿಂದ ಎಸೆದು ಮೂರು ಅಂಕ ತರುವ ಎಸೆತ) ಎಸೆಯುತ್ತಿದ್ದರು, ಅದರಲ್ಲಿ ಬುಟ್ಟಿಗೆ ಬೀಳುತ್ತಿದ್ದದ್ದು ಶೇ 29. 2021-22ರಲ್ಲಿ ಪಂದ್ಯಕ್ಕೆ ಸುಮಾರು 8 ಎಸೆದರು. 2023-24ರಲ್ಲಿ, 39 ತುಂಬಿದ ವರ್ಷ, ಶೇ 41 ಬುಟ್ಟಿಗೆ ಬಿತ್ತು.

ನಡುವೆ ಇನ್ನೊಂದು ತಿರುವಿದೆ. 2011ರ ಫೈನಲ್‌ನಲ್ಲಿ ಡಲ್ಲಾಸ್ ವಿರುದ್ಧ ಅವರ ಸರಾಸರಿ 17.8ಕ್ಕೆ ಕುಸಿಯಿತು, ಏಕೆಂದರೆ ಒಳಗೆ ನುಗ್ಗುವ ದಾರಿಯನ್ನು ಮುಚ್ಚಿದಾಗ ಅವರ ಕೈಯಲ್ಲಿ ಬೇರೆ ಅಸ್ತ್ರವಿರಲಿಲ್ಲ. ಆ ಬೇಸಿಗೆಯಲ್ಲಿ ಅವರು ಹಿಂದಿನ ತಲೆಮಾರಿನ ಆಟಗಾರ ಹಕೀಂ ಒಲಜುವಾನ್ ಅವರ ಬಳಿ ಹೋಗಿ, ಬುಟ್ಟಿಗೆ ಬೆನ್ನು ಮಾಡಿ ಆಡುವ ಪೋಸ್ಟ್ ಆಟವನ್ನು ಕಲಿತರು. 2012-13ರಲ್ಲಿ ಅವರ ಒಟ್ಟು ಎಸೆತಗಳಲ್ಲಿ ಶೇ 56.5 ಯಶಸ್ವಿಯಾದವು. ಸರಾಸರಿ ಅದೇ 26.8 ಇತ್ತು. ಪಟ್ಟಿಯಲ್ಲಿ ಗೆರೆ ನೇರವಾಗಿಯೇ ಇದೆ, ಆದರೆ ಅದನ್ನು ಎಳೆದ ಕೈ ಮೂರು ಬಾರಿ ಬದಲಾಗಿದೆ.

ನೇರನುಡಿ:
ಮೇಡಂ, ತ್ರೀ ಪಾಯಿಂಟರ್‌ನ ವಿಷಯದಲ್ಲಿ ನೀವು ಅವರಿಗೆ ವಿಪರೀತ ಶ್ರೇಯಸ್ಸು ಕೊಡುತ್ತಿದ್ದೀರಿ. ಎನ್‌ಬಿಎಯಲ್ಲಿ ಆ ಗೆರೆ ಬಂದ 1979-80ರಲ್ಲಿ ಒಂದು ತಂಡ ಪಂದ್ಯಕ್ಕೆ 3ಕ್ಕೂ ಕಡಿಮೆ ಬಾರಿ ಅಲ್ಲಿಂದ ಎಸೆಯುತ್ತಿತ್ತು. 2023-24ರಲ್ಲಿ 35 ಬಾರಿ ಎಸೆಯುತ್ತಿತ್ತು. ಇದು ಕಾಲದ ಗಾಳಿ. ಎಲ್ಲರೂ ಆಚೆಯಿಂದ ಎಸೆಯುವಾಗ ಇವರೂ ಎಸೆದರು, ಅಷ್ಟೇ.

ಕೋಚಮ್ಮ:
ಎಷ್ಟು ಎಸೆಯಬೇಕು ಎಂಬುದನ್ನು ಕಾಲ ಹೇಳಬಹುದು, ಆದರೆ ಶೇ 29 ಇದ್ದದ್ದನ್ನು ಶೇ 41 ಮಾಡುವುದು ಕಾಲದ ಕೆಲಸವಲ್ಲ, ಬೆಳಗ್ಗೆ ಎದ್ದು ಖಾಲಿ ಅಂಗಳದಲ್ಲಿ ಎಸೆಯುವವನ ಕೆಲಸ.

ಮಂಡಿನೋವು:
ನನಗೆ 46. ಪ್ರತಿ ಭಾನುವಾರ ನನ್ನ ಅರ್ಧ ವಯಸ್ಸಿನ ಹುಡುಗರ ಜೊತೆ ಆಡುತ್ತೇನೆ. ಆದ್ದರಿಂದ ಕೋಚಮ್ಮನವರು ಹೇಳಿದ್ದನ್ನು ಮೈಯಿಂದಲೇ ಬಲ್ಲೆ.

ಇಪ್ಪತ್ತೈದರಲ್ಲಿ ಚೆಂಡು ಕೈಗೆ ಬಂದರೆ ಯೋಚಿಸುವ ಅಗತ್ಯವೇ ಇರಲಿಲ್ಲ. ಮೊದಲ ಹೆಜ್ಜೆ ಇಡುವಷ್ಟರಲ್ಲಿ ಎದುರಿನವನು ಹಿಂದೆ ಬಿದ್ದಿರುತ್ತಿದ್ದ. ಈಗ ಮೊದಲ ಹೆಜ್ಜೆ ಇಟ್ಟಾಗ ಅವನು ಎದುರಿಗೇ ನಿಂತಿರುತ್ತಾನೆ, ಎರಡನೆಯದಕ್ಕೂ ಅಲ್ಲೇ ಇರುತ್ತಾನೆ. ಹಾಗಾಗಿ ನಾನು ಮಾಡುವುದು ಇಷ್ಟು: ಬುಟ್ಟಿಯ ಎಡಗಡೆ, ಬೋರ್ಡಿಗೆ ಓರೆಯಾಗಿ ಎಂಟು ಹತ್ತು ಅಡಿ ದೂರದಲ್ಲಿ ನಿಲ್ಲುತ್ತೇನೆ. ಬೆನ್ನಿನಿಂದ ಹುಡುಗನ ಭಾರವನ್ನು ಅಳೆಯುತ್ತೇನೆ. ಅವನು ಬಲಕ್ಕೆ ಒರಗಿದ್ದು ತಿಳಿಯುತ್ತಲೇ ಬಲಭುಜವನ್ನು ಒಂದಿಷ್ಟು ಅಲುಗಿಸುತ್ತೇನೆ. ಅವನ ಬೂಟು ನೆಲಕ್ಕೆ ಕಿರ್ರೆನ್ನುತ್ತದೆ. ಆ ಸದ್ದು ಕೇಳಿದ ಮೇಲೆ ಎಡಕ್ಕೆ ತಿರುಗಿ ಚೆಂಡನ್ನು ಬೋರ್ಡಿನ ಚೌಕದ ಮೂಲೆಗೆ ತಾಗಿಸಿದರೆ ಸಾಕು. ಜಿಗಿತ ಎರಡು ಇಂಚೂ ಇರುವುದಿಲ್ಲ. ಅಂಕ ಮಾತ್ರ ಆಗಿನಷ್ಟೇ ಬರುತ್ತದೆ. ಬರದಿರುವುದು ಸೋಮವಾರದ ನಡಿಗೆ.

ಬೆಂಚ್ ನಂಬರ್ 12:
ಎದುರಾಳಿಯ ಬೂಟಿನ ಸದ್ದಿಗೆ ಕಾಯುವ ಆಟಗಾರ! ಇನ್ನು ಮುಂದೆ ನಾನು ಬರಿಗಾಲಿನಲ್ಲೇ ಡಿಫೆನ್ಸ್ ಮಾಡುತ್ತೇನೆ.

ಹಳೆಯ ಪ್ರೇಕ್ಷಕ:
ಲೆಬ್ರಾನ್ ಒಬ್ಬರನ್ನೇ ನೋಡಿದರೆ ವಿಷಯ ಅರ್ಥವಾಗುವುದಿಲ್ಲ, ಏಕೆಂದರೆ ಅವರಲ್ಲಿ ಒಂದು ಬಗೆಯ ಆಟ ಇನ್ನೊಂದರೊಳಗೆ ಸದ್ದಿಲ್ಲದೆ ಕರಗಿಹೋಯಿತು. ಮೈಕೆಲ್ ಜೋರ್ಡನ್ ಅವರಲ್ಲಿ ಬದಲಾವಣೆ ಕಣ್ಣಿಗೆ ರಾಚುವಂತಿತ್ತು. 1986-87ರಲ್ಲಿ ಅವರ ಸರಾಸರಿ 37.1, ಆ ಋತುವಿನ ಒಟ್ಟು 3,041 ಅಂಕ. ಪಂದ್ಯಕ್ಕೆ ಹತ್ತಿರ ಹತ್ತಿರ 28 ಬಾರಿ ಎಸೆಯುತ್ತಿದ್ದರು. ಆಗಿನ ಜೋರ್ಡನ್ ಎಂದರೆ ಗಾಳಿಯಲ್ಲಿ ಹೊರಟು, ಅಲ್ಲೇ ಮನಸ್ಸು ಬದಲಿಸಿ, ಚೆಂಡನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿ ಇಳಿಯುವವರು. 1989ರಲ್ಲಿ ಫಿಲ್ ಜಾಕ್ಸನ್ ಕೋಚ್ ಆಗಿ ಬಂದು ಟ್ರಯಾಂಗಲ್ ಪದ್ಧತಿಯನ್ನು ತಂದ ಮೇಲೆ ಚೆಂಡು ನಾಲ್ಕು ಕೈ ದಾಟಿ ಬರತೊಡಗಿತು. ಸರಾಸರಿ ಇಳಿಯಿತು, ಕಪ್‌ಗಳು ಬಂದವು. ಬೇಸ್‌ಬಾಲ್‌ಗೆ ಹೋಗಿ ಮರಳಿದ ಮೇಲೆ, 1995-96ರಲ್ಲಿ, 33ರ ಹೊಸ್ತಿಲಲ್ಲಿ ಮತ್ತೆ 30.4 ಅಂಕಗಳೊಂದಿಗೆ ಲೀಗ್‌ಗೇ ಮೊದಲಿಗರಾದರು. ಆದರೆ ಆ ಹೊತ್ತಿಗೆ ಅವರ ಮುಖ್ಯ ಅಸ್ತ್ರ ಫೇಡ್‌ಅವೇ ಆಗಿತ್ತು: ಬೆನ್ನು ಕೊಟ್ಟು ನಿಲ್ಲುವುದು, ತಿರುಗುತ್ತಲೇ ಹಿಂದಕ್ಕೆ ವಾಲುವುದು, ಕೈ ಚಾಚಿದ ಡಿಫೆಂಡರ್‌ನ ಬೆರಳಿಗೆ ಒಂದು ಗೇಣು ಆಚೆಯಿಂದ ಚೆಂಡನ್ನು ಬಿಡುವುದು. ಅದನ್ನು ತಡೆಯಬಲ್ಲವರು ಯಾರೂ ಇರಲಿಲ್ಲ. ಆ ವರ್ಷವೇ ಅವರು ತ್ರೀ ಪಾಯಿಂಟರ್ ಅನ್ನೂ ಕಲಿತುಬಿಟ್ಟರು, ಶೇ 42.7ರಷ್ಟು.

ಬೆಂಚ್ ನಂಬರ್ 12:
ತಿದ್ದುಪಡಿ ಇದೆ, ಸರ್. ಅವರು ಕಲಿತದ್ದಕ್ಕಿಂತ ಗೆರೆಯೇ ಅವರ ಹತ್ತಿರ ಬಂದದ್ದು ಹೆಚ್ಚು. 1994ರಿಂದ 1997ರವರೆಗೆ ಮೂರು ಋತುಗಳ ಕಾಲ ಎನ್‌ಬಿಎ ಆ ಗೆರೆಯನ್ನು ಎಲ್ಲೆಡೆ 22 ಅಡಿಗೆ ಇಳಿಸಿತ್ತು. ಗೆರೆ ಮೊದಲಿನ ಜಾಗಕ್ಕೆ ಮರಳಿದ 1997-98ರಲ್ಲಿ ಅವರ ಯಶಸ್ಸು ಶೇ 23.8ಕ್ಕೆ ಬಿತ್ತು.

ಹಳೆಯ ಪ್ರೇಕ್ಷಕ:
ಗೆರೆ ಇಳಿಸಿದ್ದು ನಿಜ, ಒಪ್ಪಿದೆ. ಆದರೆ ಅದು ಪೂರ್ತಿ ಕಾರಣವಲ್ಲ. ಗೆರೆ ಹಳೆಯ ಜಾಗದಲ್ಲೇ ಇದ್ದ 1989-90ರಲ್ಲಿ ಅವರು ಶೇ 37.6 ಗಳಿಸಿದ್ದನ್ನು ನೀವು ಜಾಣತನದಿಂದ ಬಿಟ್ಟಿದ್ದೀರಿ.

ಬೆಂಚ್ ನಂಬರ್ 12:
ಜಾಣತನವಲ್ಲ, ಮರೆವು. ಆದರೂ ಇಳಿವಯಸ್ಸಿನಲ್ಲಿ ಅವರನ್ನು ಉಳಿಸಿದ್ದು ಫೇಡ್‌ಅವೇ, ತ್ರೀ ಅಲ್ಲ ಎಂಬ ನನ್ನ ಮಾತು ಹಾಗೆಯೇ ನಿಲ್ಲುತ್ತದೆ.

ಲೆಕ್ಕಿಗ:
ನಿಯಮಗಳ ಮಾತು ಬಂದದ್ದರಿಂದ ಹೇಳುತ್ತೇನೆ. 2004-05ರಿಂದ ಅಂಗಳದ ಹೊರವಲಯದಲ್ಲಿ ಚೆಂಡು ಹಿಡಿದವನ ಮೈಮೇಲೆ ಕೈಯಿಟ್ಟು ತಡೆಯುವ ಹ್ಯಾಂಡ್ ಚೆಕ್ ಅನ್ನು ಬಿಗಿಯಾಗಿ ನಿಷೇಧಿಸಲಾಯಿತು. ಅದಕ್ಕೂ ಮೊದಲು, 2001-02ರಲ್ಲಿ, ಎದುರಾಳಿಯ ಬದಲು ಅಂಗಳದ ಜಾಗವನ್ನು ಕಾಯುವ ಝೋನ್ ಡಿಫೆನ್ಸ್‌ಗೆ ಅನುಮತಿ ಸಿಕ್ಕಿತ್ತು. ಒಂದು ನಿಯಮ ಒಂಟಿಯಾಗಿ ನುಗ್ಗುವವನಿಗೆ ದಾರಿ ತೆರೆಯಿತು. ಇನ್ನೊಂದು, ಬೆನ್ನು ಕೊಟ್ಟು ನಿಂತವನ ಮೇಲೆ ಎರಡನೆಯ ಡಿಫೆಂಡರ್ ಬಂದು ಬೀಳುವುದನ್ನು ಸುಲಭಗೊಳಿಸಿತು. 1990ರ ದಶಕದಲ್ಲಿ ಮುಪ್ಪಾದವರು ಪೋಸ್ಟ್‌ಗೆ ಹೋದದ್ದಕ್ಕೂ 2020ರ ಸುಮಾರಿಗೆ ಮುಪ್ಪಾದವರು ಗೆರೆಯಾಚೆಗೆ ಹೋದದ್ದಕ್ಕೂ ಇದು ಒಂದು ಕಾರಣ. ಮೊಣಕಾಲು ಎರಡೂ ಕಾಲದಲ್ಲಿ ಒಂದೇ ಬಗೆಯಾಗಿ ಸವೆಯುತ್ತದೆ, ತಪ್ಪಿಸಿಕೊಳ್ಳುವ ದಾರಿಯನ್ನು ಮಾತ್ರ ನಿಯಮ ತೋರಿಸುತ್ತದೆ.

ನೇರನುಡಿ:
ಎಲ್ಲರೂ ಅಂಕವನ್ನು ಉಳಿಸಿಕೊಳ್ಳುವುದರ ಬಗ್ಗೆಯೇ ಮಾತನಾಡುತ್ತಿದ್ದೀರಿ. ಬೇಕೆಂದೇ ಬಿಟ್ಟುಕೊಟ್ಟವರೂ ಇದ್ದಾರೆ. ವಿಲ್ಟ್ ಚೇಂಬರ್ಲಿನ್ 1961-62ರಲ್ಲಿ ಪಂದ್ಯಕ್ಕೆ 50.4 ಅಂಕ ಗಳಿಸಿದರು. ಐದು ವರ್ಷಗಳ ನಂತರ, 1966-67ರಲ್ಲಿ, ಅದು 24.1. ಅವರಿಗಿನ್ನೂ 30 ವರ್ಷ, ಕಾಲಿಗೆ ಏನೂ ಆಗಿರಲಿಲ್ಲ. ಕೋಚ್ ಅಲೆಕ್ಸ್ ಹ್ಯಾನಂ ಕಡಿಮೆ ಎಸೆಯಲು ಹೇಳಿದರು, ಅವರು ಒಪ್ಪಿದರು, ತಂಡ 68 ಪಂದ್ಯ ಗೆದ್ದು ಚಾಂಪಿಯನ್ ಆಯಿತು. ಅವರ ಎಸೆತಗಳಲ್ಲಿ ಶೇ 68.3 ಬುಟ್ಟಿಗೆ ಬಿದ್ದವು. ಮುಂದಿನ ಋತುವಿನಲ್ಲಿ ಒಟ್ಟು ಅಸಿಸ್ಟ್‌ಗಳಲ್ಲಿ, ಅಂದರೆ ಜೊತೆಗಾರರ ಅಂಕಕ್ಕೆ ದಾರಿಯಾದ ಪಾಸ್‌ಗಳಲ್ಲಿ, ಇಡೀ ಲೀಗ್‌ಗೆ ಮೊದಲಿಗರಾದರು. ಕೊನೆಯ ಋತುವಿನಲ್ಲಿ 13.2 ಅಂಕ ಮಾತ್ರ ಇತ್ತು, ಆದರೆ ಯಶಸ್ಸು ಶೇ 72.7. ಇದನ್ನು ಪಟ್ಟಿಯಲ್ಲಿ ನೋಡಿದವರಿಗೆ ಪ್ರಪಾತದಂತೆ ಕಾಣುತ್ತದೆ. ಆದರೆ ಆ ಮನುಷ್ಯ ಅಲ್ಲಿಗೆ ಜಾರಿ ಬಿದ್ದದ್ದಲ್ಲ, ತಾನಾಗಿ ನಡೆದು ಇಳಿದದ್ದು.

ಗೆರೆಯಾಚೆ:
ಪಟ್ಟಿ ಮಡಿಸಿಡಿ ಎಂದವರೇ ಈಗ ಇಷ್ಟೊಂದು ಅಂಕಿ ಹೇಳುತ್ತಿದ್ದಾರೆ.

ಮಂಡಿನೋವು:
ವಿಲ್ಟ್ ಅವರ ಫ್ರೀ ಥ್ರೋ ಕಥೆಯನ್ನು ಯಾರಾದರೂ ಹೇಳಬೇಕಿತ್ತು. 1962ರ ಮಾರ್ಚ್ 2ರಂದು ಹರ್ಷಿಯಲ್ಲಿ 100 ಅಂಕ ಗಳಿಸಿದ ಪಂದ್ಯದಲ್ಲಿ ಅವರು 32 ಫ್ರೀ ಥ್ರೋಗಳಲ್ಲಿ 28ನ್ನು ಹಾಕಿದ್ದರು. ಆ ಋತುವಿನಲ್ಲಿ ಅವರು ಎರಡೂ ಕೈಗಳಿಂದ ಚೆಂಡನ್ನು ಮೊಣಕಾಲ ನಡುವೆ ಹಿಡಿದು ಕೆಳಗಿನಿಂದ ಮೇಲಕ್ಕೆ ತೂರುತ್ತಿದ್ದರು. ನೋಡಿದವರು ನಗುತ್ತಾರೆಂದು ಅದನ್ನು ಬಿಟ್ಟರು. 1967-68ರಲ್ಲಿ ಅವರ ಫ್ರೀ ಥ್ರೋ ಶೇ 38ಕ್ಕೆ ಬಂದು ನಿಂತಿತು.

ಕೋಚಮ್ಮ:
ಇದಕ್ಕೆ ತಲೆಕೆಳಗಾದ ಕಥೆ ಕಾರ್ಲ್ ಮಲೋನ್ ಅವರದು. ಅವರು 1985-86ರ ಮೊದಲ ಋತುವಿನಲ್ಲಿ ಫ್ರೀ ಥ್ರೋಗಳಲ್ಲಿ ಅರ್ಧವನ್ನೂ ಹಾಕಲಿಲ್ಲ, ಶೇ 48.1. ಮೂರನೆಯ ಋತುವಿಗೆ ಅದನ್ನು ಶೇ 70ಕ್ಕೆ ತಂದರು. ನಿವೃತ್ತರಾಗುವ ಹೊತ್ತಿಗೆ 9,787 ಫ್ರೀ ಥ್ರೋ ಹಾಕಿದ್ದರು. ಎನ್‌ಬಿಎ ಇತಿಹಾಸದಲ್ಲಿ ಅಷ್ಟನ್ನು ಬೇರೆ ಯಾರೂ ಹಾಕಿರಲಿಲ್ಲ. ನನ್ನ ಮಕ್ಕಳಿಗೆ ನಾನು ಜಿಗಿದು ಚೆಂಡನ್ನು ಬುಟ್ಟಿಯೊಳಗೆ ಅದುಮುವ ಡಂಕ್‌ನ ವಿಡಿಯೊ ತೋರಿಸುವುದಿಲ್ಲ, ಈ ಎರಡು ಅಂಕಿಗಳನ್ನು ಬೋರ್ಡಿನ ಮೇಲೆ ಬರೆದಿಡುತ್ತೇನೆ.

ಹಳೆಯ ಪ್ರೇಕ್ಷಕ:
ಕೋಬಿ ಬ್ರಯಾಂಟ್ ಅವರನ್ನು ಇಷ್ಟು ಹೊತ್ತು ಯಾರೂ ನೆನೆಯದಿರುವುದು ಆಶ್ಚರ್ಯ. 2016ರ ಏಪ್ರಿಲ್ 13ರಂದು, 37ನೆಯ ವಯಸ್ಸಿನಲ್ಲಿ, ಕೊನೆಯ ಪಂದ್ಯದಲ್ಲಿ 60 ಅಂಕ! ವಿದಾಯವೆಂದರೆ ಅದು.

ನೇರನುಡಿ:
50 ಬಾರಿ ಎಸೆದು 22 ಹಾಕಿದ್ದು. 50 ಬಾರಿ ಎಸೆಯಲು ಬಿಟ್ಟರೆ ಮಂಡಿನೋವಿನವರೂ ವಿದಾಯ ಹೇಳಬಲ್ಲರು.

ಲೆಕ್ಕಿಗ:
ಈ ವ್ಯಂಗ್ಯ ಅನ್ಯಾಯದ್ದು. ಟ್ರೂ ಶೂಟಿಂಗ್ ಎಂಬ ಅಳತೆಯಲ್ಲಿ ಫ್ರೀ ಥ್ರೋ, ತ್ರೀ ಎರಡನ್ನೂ ಸೇರಿಸುತ್ತಾರೆ: ಫ್ರೀ ಥ್ರೋ ಯತ್ನಗಳನ್ನು 0.44ರಿಂದ ಗುಣಿಸಿ ಎಸೆತಗಳಿಗೆ ಕೂಡಿಸಿ, ಎರಡರಷ್ಟು ಮಾಡಿ, ಅಂಕಗಳನ್ನು ಅದರಿಂದ ಭಾಗಿಸಬೇಕು. ಆ ರಾತ್ರಿ 50 ಎಸೆತ, 12 ಫ್ರೀ ಥ್ರೋ, 60 ಅಂಕ. ಉತ್ತರ ಶೇ 54.3. ಆ ಕಾಲದ ಲೀಗ್‌ನ ಸರಾಸರಿಯ ಆಸುಪಾಸಿನಲ್ಲೇ ಇದೆ, ಮತ್ತು ತಂಡ 101-96ರಲ್ಲಿ ಗೆದ್ದಿದೆ. ಆದರೆ ನೇರನುಡಿಯವರ ಅನುಮಾನಕ್ಕೆ ಬೇರೆ ಕಡೆ ಆಧಾರವಿದೆ. ಆ ಇಡೀ ಋತುವಿನಲ್ಲಿ ಕೋಬಿ ಶೇ 35.8 ಎಸೆತಗಳನ್ನಷ್ಟೇ ಹಾಕಿದ್ದರು, ಸರಾಸರಿ 17.6. ಹತ್ತು ವರ್ಷ ಹಿಂದೆ 35.4 ಇದ್ದದ್ದು ಅರ್ಧವಾಗಿತ್ತು. 2013ರ ಏಪ್ರಿಲ್‌ನಲ್ಲಿ ಹಿಮ್ಮಡಿಯ ಅಕಿಲೀಸ್ ಸ್ನಾಯುರಜ್ಜು ಹರಿದ ಮೇಲೆ ಅವರ ಗೆರೆ ಇಳಿದದ್ದಲ್ಲ, ಮುರಿದದ್ದು. ಇದನ್ನು ವಯಸ್ಸಿನ ಖಾತೆಗೆ ಹಾಕಬಾರದು.

ಗೆರೆಯಾಚೆ:
ಕೆವಿನ್ ಡುರಾಂಟ್ ಅವರಿಗೂ 2019ರ ಫೈನಲ್‌ನಲ್ಲಿ ಅದೇ ಪೆಟ್ಟು ಬಿತ್ತಲ್ಲವೇ? ಒಂದು ಋತು ಪೂರ್ತಿ ಹೊರಗಿದ್ದು ಬಂದು 2020-21ರಲ್ಲಿ 26.9 ಗಳಿಸಿದರು.

ಕೋಚಮ್ಮ:
ಪೆಟ್ಟು ತಿಂದಾಗ ಡುರಾಂಟ್‌ಗೆ 30, ಕೋಬಿಗೆ 34. ವಯಸ್ಸಿಗಿಂತ ಮುಖ್ಯವಾದದ್ದು ಎತ್ತರ. ಏಳು ಅಡಿಯ ಹತ್ತಿರವಿರುವವನು ತನ್ನ ಎಸೆತಕ್ಕೆ ಜಾಗ ಮಾಡಿಕೊಳ್ಳಲು ಯಾರನ್ನೂ ದಾಟಿ ಓಡಬೇಕಿಲ್ಲ; ಕೈ ಎತ್ತಿದರೆ ಅಲ್ಲೇ ಜಾಗವಿರುತ್ತದೆ. ಡರ್ಕ್ ನೊವಿಟ್ಸ್ಕಿ ಒಂದು ಕಾಲೆತ್ತಿ ಹಿಂದಕ್ಕೆ ವಾಲಿ ಎಸೆಯುತ್ತಾ 21 ಋತು ಆಡಿದ್ದೂ ಅದರಿಂದಲೇ.

ಇನ್ನೊಂದು ಮಾತು. ಇಷ್ಟು ಉದ್ದದ ಚರ್ಚೆಯಲ್ಲಿ ಒಬ್ಬ ಹೆಣ್ಣುಮಗಳ ಹೆಸರೂ ಬಂದಿಲ್ಲ. ಡಯಾನಾ ಟೌರಾಸಿ 2023ರ ಆಗಸ್ಟ್ 3ರಂದು ಮಹಿಳೆಯರ ಲೀಗ್ ಆದ ಡಬ್ಲ್ಯುಎನ್‌ಬಿಎಯಲ್ಲಿ 10,000 ಅಂಕ ದಾಟಿದ ಮೊದಲ ಆಟಗಾರ್ತಿಯಾದರು. ಆ ರಾತ್ರಿ ಅವರು ಗಳಿಸಿದ್ದು 42 ಅಂಕ, ಆಗ ವಯಸ್ಸು 41. ಅಲ್ಲಿ ಆಗ ಒಂದು ಋತುವಿನ ಪಂದ್ಯಗಳು ಎನ್‌ಬಿಎಯ 82ರ ಅರ್ಧವೂ ಇರಲಿಲ್ಲ ಎಂಬುದನ್ನು ನೆನಪಿಟ್ಟುಕೊಂಡು ಆ 10,000ವನ್ನು ಓದಿ.

ಹಳೆಯ ಪ್ರೇಕ್ಷಕ:
ತಪ್ಪಾಯಿತು, ಅಮ್ಮ. ಆ 42ರ ಮಾತಿನಿಂದ ನನಗೆ ಇನ್ನೊಂದು ನೆನಪಾಯಿತು, ಮತ್ತು ಈ ಚರ್ಚೆಯಲ್ಲಿ ಯಾರೂ ಮುಟ್ಟದ ಸಂಗತಿ ಅದು. ವಯಸ್ಸು ಮೊದಲು ಕಸಿಯುವುದು ಸರಾಸರಿಯನ್ನಲ್ಲ, ದಿನದಿಂದ ದಿನಕ್ಕೆ ಒಂದೇ ಸಮನಾಗಿ ಆಡುವ ಭರವಸೆಯನ್ನು. ಜೋರ್ಡನ್ ಸತತ 866 ಪಂದ್ಯಗಳಲ್ಲಿ 10 ಅಥವಾ ಹೆಚ್ಚು ಅಂಕ ಗಳಿಸಿದ್ದರು. 2001ರ ಡಿಸೆಂಬರ್ 27ರಂದು, ವಾಷಿಂಗ್ಟನ್ ತಂಡದಲ್ಲಿದ್ದಾಗ, ಇಂಡಿಯಾನಾ ವಿರುದ್ಧ 6 ಅಂಕಕ್ಕೆ ಆ ಸರಣಿ ಮುರಿಯಿತು. ಎರಡು ದಿನ ಬಿಟ್ಟು ಮುಂದಿನ ಪಂದ್ಯದಲ್ಲಿ ಎಷ್ಟು ಹೊಡೆದರು ಗೊತ್ತೇ? 51. ಮನುಷ್ಯ ಅದೇ, ಮೊಣಕಾಲು ಅದೇ, ವಯಸ್ಸು 38. ಇಪ್ಪತ್ತೈದರ ಜೋರ್ಡನ್‌ಗೆ 51 ಬರುತ್ತಿತ್ತು, 6 ಬರುತ್ತಿರಲಿಲ್ಲ. ಆ ಋತುವಿನ ಸರಾಸರಿ 22.9 ಎಂದು ಪಟ್ಟಿ ಹೇಳುತ್ತದೆ. ಆ ವಾರ ಟಿವಿ ಮುಂದೆ ಕುಳಿತಿದ್ದವರಿಗೆ 22.9 ಎಲ್ಲೂ ಕಾಣಲಿಲ್ಲ.

ಬೆಂಚ್ ನಂಬರ್ 12:
ಇದು ಚೆನ್ನಾಗಿದೆ. ಆ 866ರ ದಾಖಲೆಯನ್ನು ದಾಟಿದ್ದು ಲೆಬ್ರಾನ್. ಅವರ ಸರಣಿ 1,297 ಪಂದ್ಯಗಳವರೆಗೆ ಹೋಗಿ 2025ರ ಡಿಸೆಂಬರ್ 4ರಂದು ಟೊರಾಂಟೊದಲ್ಲಿ ನಿಂತಿತು. ಆ ರಾತ್ರಿ 8 ಅಂಕ. ಸ್ಕೋರ್ ಸಮನಾಗಿದ್ದ ಕೊನೆಯ ಕ್ಷಣದಲ್ಲಿ ಚೆಂಡು ಅವರ ಕೈಯಲ್ಲೇ ಇತ್ತು. ಎಸೆದು ಬಿದ್ದಿದ್ದರೆ ಸರಣಿಯೂ ಉಳಿಯುತ್ತಿತ್ತು. ಅವರು ಮೂಲೆಯಲ್ಲಿ ಖಾಲಿ ನಿಂತಿದ್ದ ರುಯಿ ಹಚಿಮುರಾಗೆ ಕೊಟ್ಟರು, ತ್ರೀ ಬಿತ್ತು, ತಂಡ ಗೆದ್ದಿತು.

ನೇರನುಡಿ:
ಇದನ್ನೇ ನಾನು ವಿಲ್ಟ್ ವಿಷಯದಲ್ಲಿ ಹೇಳಿದ್ದು.

ಲೆಕ್ಕಿಗ:
ಗೆರೆಯಾಚೆಯವರ ಮೂಲ ಪ್ರಶ್ನೆಗೆ ಇನ್ನೂ ಶುದ್ಧವಾದ ಒಂದು ಹೋಲಿಕೆ ಸಿಕ್ಕಿದೆ. ಕರೀಂ ಅಬ್ದುಲ್ ಜಬ್ಬಾರ್ 1971-72ರಲ್ಲಿ 44.2 ನಿಮಿಷ ಆಡಿ 34.8 ಅಂಕ ಗಳಿಸಿದರು; 1985-86ರಲ್ಲಿ, 38 ದಾಟಿದಾಗ, 33.3 ನಿಮಿಷ ಆಡಿ 23.4 ಗಳಿಸಿದರು. ಇದರ ಸೊಗಸೇನೆಂದರೆ ಎರಡೂ ಋತುಗಳಲ್ಲಿ ಲೀಗ್‌ನ ತಂಡಗಳ ಸರಾಸರಿ ಹೆಚ್ಚುಕಡಿಮೆ ಒಂದೇ, ಸುಮಾರು 110. ಉಬ್ಬರದ ತಕರಾರು ಇಲ್ಲಿಲ್ಲ. 36 ನಿಮಿಷಕ್ಕೆ ಇಳಿಸಿದರೆ 28.3 ಇದ್ದದ್ದು 25.3 ಆಗಿದೆ. ಹದಿನಾಲ್ಕು ವರ್ಷಕ್ಕೆ ಶೇ 11ರಷ್ಟು ಇಳಿಕೆ. ಯಶಸ್ಸು ಶೇ 57.4 ಇದ್ದದ್ದು ಶೇ 56.4. ಮತ್ತು ಇವರು ಆಟ ಬದಲಿಸಿಕೊಳ್ಳಲೇ ಇಲ್ಲ! ಮೊದಲ ದಿನದಿಂದ ಕೊನೆಯವರೆಗೂ ಅದೇ ಸ್ಕೈ ಹುಕ್. 20 ಋತುಗಳಲ್ಲಿ ಹಾಕಿದ ತ್ರೀ ಪಾಯಿಂಟರ್ ಒಂದೇ ಒಂದು.

ಕೋಚಮ್ಮ:
ಬದಲಿಸಿಕೊಳ್ಳುವ ಅಗತ್ಯವೇ ಇರಲಿಲ್ಲ, ಏಕೆಂದರೆ ಸ್ಕೈ ಹುಕ್ ಹುಟ್ಟಿನಿಂದಲೇ ಮುದುಕರ ಎಸೆತ. ಬುಟ್ಟಿಗೆ ಅಡ್ಡಲಾಗಿ ನಿಂತರೆ ಡಿಫೆಂಡರ್‌ಗೂ ಚೆಂಡಿಗೂ ನಡುವೆ ಎರಡು ಭುಜಗಳ ಅಗಲ ಸಿಗುತ್ತದೆ, ಚೆಂಡು ಚಾಚಿದ ಕೈಯ ತುದಿಯಿಂದ ಮಣಿಕಟ್ಟಿನ ತಿರುವಿನಲ್ಲಿ ಹೊರಡುತ್ತದೆ, ಜಿಗಿತ ಹೆಸರಿಗಷ್ಟೇ ಬೇಕು. ಅಮೆರಿಕದ ಕಾಲೇಜು ಆಟದಲ್ಲಿ 1967ರಲ್ಲಿ ಡಂಕ್ ನಿಷೇಧವಾದಾಗ ಅವರು ಅಲ್ಲಿನ ವಿದ್ಯಾರ್ಥಿ; ಈ ಎಸೆತವನ್ನು ತಿದ್ದಿ ತೀಡಲು ಅದೂ ಒಂದು ಕಾರಣವಾಯಿತು. ಕರೀಂ ಅವರ ಒಟ್ಟು 38,387 ಅಂಕಗಳ ದಾಖಲೆಯನ್ನು ಲೆಬ್ರಾನ್ 2023ರ ಫೆಬ್ರವರಿ 7ರಂದು ಮುರಿದದ್ದೂ ಡಂಕ್‌ನಿಂದಲ್ಲ, ಫೇಡ್‌ಅವೇಯಿಂದ. ಕರೀಂ ಅಂಗಳದ ಪಕ್ಕದಲ್ಲೇ ಕುಳಿತು ನೋಡುತ್ತಿದ್ದರು. ಮಂಡಿನೋವಿನವರೇ, ನೀವು ಬೋರ್ಡಿನ ಮೂಲೆ ಬಿಟ್ಟು ಸ್ಕೈ ಹುಕ್ ಕಲಿಯಿರಿ.

ಗೆರೆಯಾಚೆ:
ಅಂದರೆ ಶೇ 4 ಕಳೆದುಕೊಂಡವರು ಆಟವನ್ನು ಮೂರು ಬಾರಿ ಬದಲಿಸಿದರು, ಶೇ 11 ಕಳೆದುಕೊಂಡವರು ಒಮ್ಮೆಯೂ ಬದಲಿಸಲಿಲ್ಲ. ಲೆಕ್ಕಿಗರೇ, ಜೋರ್ಡನ್ ಅವರ ಲೆಕ್ಕವನ್ನೂ ಇದೇ ರೀತಿ ಹಾಕಿ ಕೊಡಿ.

ಲೆಕ್ಕಿಗ:
ಹಾಕುತ್ತೇನೆ, ಆದರೆ ಅವರು ಎರಡು ಬಾರಿ ಬಿಟ್ಟುಹೋಗಿ ಬಂದಿದ್ದಾರೆ, ಆ ಖಾಲಿ ವರ್ಷಗಳನ್ನು ಏನು ಮಾಡುವುದೆಂದು ಮೊದಲು ತೀರ್ಮಾನವಾಗಲಿ.

ಮಂಡಿನೋವು:
ಇವತ್ತು ಬೆಳಗ್ಗೆ ಸ್ಕೈ ಹುಕ್ ಪ್ರಯತ್ನಿಸಿದೆ, ಮೇಡಂ. ಚೆಂಡು ಬೋರ್ಡಿನ ಹಿಂದೆ ಹೋಗಿ ಬಿತ್ತು. ಹುಡುಗರು ಅದನ್ನು ತರಲು ನನ್ನನ್ನೇ ಓಡಿಸಿದರು.